4 ಜಿಬಿ ಕಾರ್ಡ್‌ನಲ್ಲಿ ಹೊಸ ಗೇಮ್ ತಡವರಿಸುತ್ತಿತ್ತು, ಸರಿಯಾದದ್ದು ಹೀಗೆ

ಲ್ಯಾಪ್‌ಟಾಪ್‌ನಲ್ಲಿರುವುದು ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 4 ಜಿಬಿ ವಿಡಿಯೋ ಮೆಮೊರಿ. ಹೊಸ ಓಪನ್ ವರ್ಲ್ಡ್ ಗೇಮ್ ಮೊದಲ ಹತ್ತು ನಿಮಿಷ ಸೆಕೆಂಡಿಗೆ 45 ಫ್ರೇಮ್‌ನಲ್ಲಿ ಚೆನ್ನಾಗಿ ಓಡುತ್ತಿತ್ತು. ಆಮೇಲೆ 12ಕ್ಕೆ ಇಳಿದು ಗೋಡೆ, ರಸ್ತೆ ಎಲ್ಲ ಮಸುಕಾಗುತ್ತಿತ್ತು.

ಡ್ರೈವರ್ ಅಳಿಸಿ ಮತ್ತೆ ಹಾಕಿದೆ, ಉಪಯೋಗವಾಗಲಿಲ್ಲ. ಬಿಸಿ ಇರಬಹುದು ಅಂತ ಫ್ಯಾನ್ ಬಿಚ್ಚಿ ಧೂಳು ತೆಗೆದೆ. ಮಡಿಕೇರಿಯ ಜುಲೈ ಮಳೆಯಲ್ಲಿ, ಬಟ್ಟೆಯೇ ಒಣಗದ ಚಳಿಯಲ್ಲಿ, ಬಿಸಿ ಎಲ್ಲಿಂದ ಬರಬೇಕು ಅಲ್ವಾ? ನೆರಳು, ಹುಲ್ಲು ಎಲ್ಲ ಲೋ ಮಾಡಿದೆ. ಹತ್ತು ನಿಮಿಷ ಹದಿನೈದಾಯಿತು, ಅಷ್ಟೇ.

ಕಾರಣ ಸಿಕ್ಕಿದ್ದು ಟಾಸ್ಕ್ ಮ್ಯಾನೇಜರ್‌ನಲ್ಲಿ. ಪರ್ಫಾರ್ಮೆನ್ಸ್ ಒಳಗೆ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ತೆರೆದರೆ ಡೆಡಿಕೇಟೆಡ್ ಮೆಮೊರಿ, ಅಂದರೆ ಕಾರ್ಡ್‌ನ ಸ್ವಂತ ಮೆಮೊರಿ, 4 ಜಿಬಿಯಲ್ಲಿ 3.9 ತುಂಬಿತ್ತು. ಅದು ತುಂಬಿದರೆ ಉಳಿದದ್ದು ಮಾಮೂಲಿ ರ‍್ಯಾಮ್‌ಗೆ ಹೋಗುತ್ತದೆ. ಅಲ್ಲಿಂದ ತರುವುದು ಕಾರ್ಡ್‌ಗೆ ತುಂಬಾ ನಿಧಾನ.

ಕ್ರಮ ಮುಖ್ಯ. ಮೊದಲು ಬ್ರೌಸರ್ ಪೂರ್ತಿ ಮುಚ್ಚಿ, ಅದೂ ವಿಡಿಯೋ ಮೆಮೊರಿ ತಿನ್ನುತ್ತದೆ. ಆಟ ಶುರುಮಾಡುವ ಮೊದಲೇ, ಮುಖ್ಯ ಮೆನುವಿನಲ್ಲಿ, ಟೆಕ್ಸ್ಚರ್ (ಗೋಡೆ, ರಸ್ತೆಗಳ ಮೇಲ್ಮೈ ಚಿತ್ರ) ಅನ್ನು ಹೈನಿಂದ ಮೀಡಿಯಂಗೆ ಇಳಿಸಿ. ಗೇಮ್ ಮುಚ್ಚಿ ಮತ್ತೆ ತೆರೆಯಿರಿ. ನಾನು ಎಡವಿದ್ದು ಇಲ್ಲೇ: ಆಟದ ಮಧ್ಯೆ ಬದಲಿಸಿದಾಗ ಮೆಮೊರಿ ಇಳಿಯುತ್ತಲೇ ಇರಲಿಲ್ಲ. ಆಮೇಲೆ ರೆಸಲ್ಯೂಶನ್ 1080ರಲ್ಲೇ ಬಿಟ್ಟು ಎಫ್‌ಎಸ್‌ಆರ್ (ಚಿಕ್ಕದಾಗಿ ಬಿಡಿಸಿ ಆಮೇಲೆ ದೊಡ್ಡದು ಮಾಡುವ ಸೆಟ್ಟಿಂಗ್) ಅನ್ನು ಕ್ವಾಲಿಟಿಗೆ ಇಡಿ. ಅದೇ ಥರದ ಡಿಎಲ್‌ಎಸ್‌ಎಸ್ ಹುಡುಕಬೇಡಿ, ಅದಕ್ಕೆ ಆರ್‌ಟಿಎಕ್ಸ್ ಕಾರ್ಡೇ ಬೇಕು. ಕೊನೆಗೆ ಫ್ರೇಮ್ ಮಿತಿ 40.

ಈಗ ಮೆಮೊರಿ 3.3ರಲ್ಲಿ ನಿಲ್ಲುತ್ತದೆ, ಎರಡು ಗಂಟೆ ಆಡಿದರೂ 40 ಇಳಿದಿಲ್ಲ. ಕರೆಂಟ್ ಹೋದರೆ ಮಾತ್ರ 20ಕ್ಕೆ ಬೀಳುತ್ತದೆ, ಬ್ಯಾಟರಿಯಲ್ಲಿ ಕಾರ್ಡ್‌ಗೆ ಪೂರ್ತಿ ಪವರ್ ಸಿಗುವುದಿಲ್ಲ.