ಮೆಲುಕು, ಮೈಭಯ, ನೂರಕ್ಕೆ ನೂರು: ಪಿಯು ಹಾಸ್ಟೆಲಿನಲ್ಲಿ ಗುಂಪು ಮಾಡಿದ ಬಗೆ

"ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ, ನೀವೇನ್ ಮಾಡ್ತೀರಿ?" ಪಿಯು ಮಕ್ಕಳನ್ನು ಸ್ವಭಾವಕ್ಕೆ ತಕ್ಕಂತೆ ಗುಂಪು ಮಾಡಿ ಅವರ ಬೇಸರ, ಅಂಜಿಕೆ ಇಳಿಸಲು ಹೊರಟಾಗ, ಧಾರವಾಡದ ಹಾಸ್ಟೆಲ್ ವಾರ್ಡನ್‌ರಿಂದ ಹಿಡಿದು ಮನಸ್ಸಿನ ಆರೋಗ್ಯದ ನಮ್ಮದೇ ವೃತ್ತಿಯವರ ತನಕ ಹೀಗೆ ಕೇಳದವರಿಲ್ಲ. ಗುಣವನ್ನು ಕಳೆಯುವುದು ನನ್ನ ಕೆಲಸವೇ ಆಗಿರಲಿಲ್ಲ. ಆ ಗುಣ ರಾತ್ರಿ ಒಂಬತ್ತರ ಓದಿನ ಹೊತ್ತಿನಲ್ಲಿ ಹುಡುಗ ಹುಡುಗಿಯರಿಂದ ಏನು ಮಾಡಿಸುತ್ತದೆಯೋ ಅಷ್ಟನ್ನು ತಿದ್ದಲು ಹೊರಟದ್ದು. ಮೂರನೇ ವರ್ಷ ಕೈಗೆ ಹತ್ತಿತು.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಇನ್ನೂರು ಮಕ್ಕಳನ್ನು ಒಂದೇ ಹಾಲ್‌ನಲ್ಲಿ ಕೂಡಿಸಿ 'ಒತ್ತಡ ನಿರ್ವಹಣೆ' ಭಾಷಣ, ಕೊನೆಗೆ ಹತ್ತು ನಿಮಿಷ ಕಣ್ಣುಮುಚ್ಚಿ ಉಸಿರಾಟ. ಫ್ಲೆಕ್ಸಿಗೆ 700, ಮೈಕಿಗೆ 500, ಬಣ್ಣದ ಕರಪತ್ರಕ್ಕೆ ಎರಡು ಸಾವಿರದಷ್ಟು ಹೋಯಿತು. ಆರು ವಾರದ ಮೇಲೆ ನೋಡಿದರೆ ಪಿಎಚ್‌ಕ್ಯೂ (ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಹಾಳೆ, ಅಂಕ ಹೆಚ್ಚಿದಷ್ಟೂ ಕಷ್ಟ ಹೆಚ್ಚು) ಅಂಕ ಇದ್ದಲ್ಲೇ ಇತ್ತು. ಕಾರಣ ಆಮೇಲೆ ತಿಳಿಯಿತು: ಆದದ್ದನ್ನೇ ತಲೆಯಲ್ಲಿ ಮೆಲುಕು ಹಾಕುವವರನ್ನು ಕಣ್ಣು ಮುಚ್ಚಿ ಕೂಡಿಸಿದರೆ ಮೆಲುಕಿಗೆ ಜಾಗ ಮಾಡಿಕೊಟ್ಟಂತೆ, ಎದೆಬಡಿತಕ್ಕೇ ಹೆದರುವವರಿಗೆ ಉಸಿರಿನ ಮೇಲೆ ಗಮನ ಇಡಿಸಿದರೆ ಉಸಿರೇ ಕಟ್ಟುತ್ತದೆ. ಬ್ರಿಟನ್ನಿನ ಮಿರಿಯಡ್ ಪ್ರಯೋಗದಲ್ಲಿ 8 ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳಿದ್ದರು. ಇಡೀ ತರಗತಿಗೆ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನ ಇಡುವ ಅಭ್ಯಾಸ) ಕಲಿಸಿದರೂ ಮಾಮೂಲಿ ಪಾಠಕ್ಕಿಂತ ಹೆಚ್ಚೇನೂ ಸಿಗಲಿಲ್ಲ ಎಂದು 2022ರಲ್ಲಿ ಅದರ ಫಲಿತಾಂಶ ಬಂದಾಗ, ನಮ್ಮ ಸೋಲಿಗೂ ದೊಡ್ಡ ಜೊತೆ ಸಿಕ್ಕಿತಲ್ಲ ಎನಿಸಿತು.

ಚೌಕಟ್ಟನ್ನು ಮನೋವಿಜ್ಞಾನಿ ಪೆಟ್ರೀಷಿಯಾ ಕಾನ್ರಡ್ ಅವರ ಪ್ರಿವೆಂಚರ್ ಎಂಬ ಕಾರ್ಯಕ್ರಮದಿಂದ ಎತ್ತಿಕೊಂಡೆ. 23 ವಾಕ್ಯಗಳ ಪ್ರಶ್ನಾವಳಿ, ನಾಲ್ಕು ಸ್ವಭಾವ, ಸ್ವಭಾವಕ್ಕೊಂದು ಗುಂಪು, 90 ನಿಮಿಷದ ಎರಡು ಸಭೆ. ಅದು ಮುಖ್ಯವಾಗಿ ಚಟ ತಡೆಯಲು ಹುಟ್ಟಿದ್ದು. ಆತುರದವರು, ಥ್ರಿಲ್ ಹುಡುಕುವವರು ಎಂಬ ಎರಡು ಗುಂಪು ನಮ್ಮಲ್ಲಿ ಗುಟಖಾ, ಬೈಕಿನ ಕಡೆ ಹೋಗುತ್ತವೆ, ಹಾಗಾಗಿ ಬಿಟ್ಟೆ. ಹತಾಶೆ ಮತ್ತು ಮೈಭಯ (ಎದೆಬಡಿತದಂಥ ಮೈಯ ಲಕ್ಷಣಕ್ಕೇ ಹೆದರುವುದು) ಇಟ್ಟುಕೊಂಡೆ, ಮೆಲುಕು ಮತ್ತು ನೂರಕ್ಕೆ ನೂರು (ಎಲ್ಲವೂ ತಪ್ಪಿಲ್ಲದೆ ಆಗಬೇಕೆಂಬ ಹಟ) ಸೇರಿಸಿದೆ. ಗುಂಪಿಗೆ 6ರಂತೆ 24 ವಾಕ್ಯ. ಆ ಹಾಸ್ಟೆಲಿನ ಸರಾಸರಿಗಿಂತ ಒಂದು ಎಸ್‌ಡಿ (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬ ಅಳತೆ) ಮೇಲಿದ್ದವರಿಗೆ ಮಾತ್ರ ಕರೆ. ಎರಡರಲ್ಲಿ ಮೇಲಿದ್ದರೆ ಝಡ್ ಅಂಕ (ಸರಾಸರಿಗಿಂತ ಎಷ್ಟು ಎಸ್‌ಡಿ ಮೇಲೆ ಎಂಬುದು) ಯಾವುದರಲ್ಲಿ ಹೆಚ್ಚೋ ಅಲ್ಲಿಗೆ. ಕಚ್ಚಾ ಅಂಕ ನೋಡಿ ಹಂಚಿದರೆ ಅರ್ಧ ಹಾಸ್ಟೆಲು 'ನೂರಕ್ಕೆ ನೂರು'ಗೇ ಬಂದು ಬೀಳುತ್ತದೆ. ಸಪ್ತಾಪುರದಲ್ಲಿ ಕೋಚಿಂಗಿಗೆ ಬಂದ ಮಕ್ಕಳಲ್ಲಿ ಅದು ಎಲ್ಲರಿಗೂ ಇರುವುದೇ.

ಹೆಚ್ಚು ಕಾಲ ತಿಂದದ್ದು ಭಾಷೆ. ಪುಸ್ತಕದ ಕನ್ನಡದಲ್ಲಿ 'ನನಗೆ ಭವಿಷ್ಯದ ಬಗ್ಗೆ ಭರವಸೆ ಇದೆ' ಎಂದು ಬರೆದೆ. ಭರವಸೆ ಎಂದರೆ ಚುನಾವಣೆಯಲ್ಲಿ ಕೊಡುವುದು ಎಂದುಕೊಂಡವರೇ ಬಹಳ. 'ಬಲವಾಗಿ ಒಪ್ಪುತ್ತೇನೆ, ಭಾಗಶಃ ಒಪ್ಪುತ್ತೇನೆ' ಕಂಡರೆ ಎಲ್ಲರ ಟಿಕ್ಕೂ ನಡುವಿನ ಕಾಲಂಗೇ. ನಕಾರದ ವಾಕ್ಯ ಇನ್ನೂ ಕೆಟ್ಟದ್ದು. 'ನನಗೆ ನಿದ್ದೆಯ ತೊಂದರೆ ಇಲ್ಲ' ಎಂಬುದಕ್ಕೆ ನಮ್ಮವರು 'ಇಲ್ಲ' ಎಂದು ಟಿಕ್ ಹಾಕಿದರೆ ಅದು ಒಪ್ಪಿಗೆ, ಎಣಿಸುವವರು ಅದನ್ನು ನಿರಾಕರಣೆ ಎಂದು ಹಿಡಿಯುತ್ತಾರೆ. ಈಗ ನಕಾರದ ವಾಕ್ಯ ಒಂದೂ ಇಲ್ಲ. ವಾಕ್ಯಗಳು ಹೀಗಿವೆ: 'ಮಾತು ಮುಗದ ಮ್ಯಾಲೂ ಅದ ತಲಿಯಾಗ ಸುತ್ತತೈತಿ.' 'ಎದಿ ಢವಢವ ಅಂದ್ರ ಏನರ ಆಕ್ಕೈತಿ ಅಂತ ಅಂಜಿಕಿ.' ಉತ್ತರಗಳು: 'ಅಗದೀ ನಂದ ಮಾತು, ಸ್ವಲ್ಪ ಹೌದು, ಅಷ್ಟೇನಿಲ್ಲ, ನಂದಲ್ಲ.' ಬೀದರ, ಬಳ್ಳಾರಿ ಕಡೆಯಿಂದ ಬಂದವರಿಗೂ ಇದು ಅರ್ಥವಾಯಿತು.

ಪಿಎಚ್‌ಕ್ಯೂ ಬೇರೆ ಹಾಳೆಯಲ್ಲಿ, ಹದಿಹರೆಯದವರಿಗೆ ತಿದ್ದಿದ ರೂಪದಲ್ಲಿ ಕೊಡಿ. ಅದರ ಮೊದಲಿನ ವಾಕ್ಯಗಳಲ್ಲೇ ಸಿಡಿಮಿಡಿಯೂ ಸೇರಿದೆ. 'ಬ್ಯಾಸರ'ಕ್ಕೆ ಸೊನ್ನೆ ಹಾಕುವ ಹುಡುಗರು ಸಿಡಿಮಿಡಿಗೆ ಮೂರು ಹಾಕುತ್ತಾರೆ. 10ಕ್ಕೆ ಮೇಲಿದ್ದರೆ ಒಬ್ಬೊಬ್ಬರನ್ನೇ ಕೂರಿಸಿ ಮಾತು, 15ಕ್ಕೆ ಮೇಲಿದ್ದರೆ ಗುಂಪಿಗೆ ತೆಗೆದುಕೊಳ್ಳುವುದಿಲ್ಲ, ನೇರ ಡಿಮ್ಹಾನ್ಸ್ (ಧಾರವಾಡದ ಸರಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ) ಓಪಿಡಿ.

ಪಿಎಚ್‌ಕ್ಯೂದಲ್ಲಿ ಸಾಯುವ ವಿಚಾರ ಕೇಳುವ ಒಂಬತ್ತನೇ ಪ್ರಶ್ನೆಯಲ್ಲಿ ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಶುಕ್ರವಾರ ಸಂಜೆ ಹಾಳೆ ಕೂಡಿಸಿ, ಭಾನುವಾರ ಆರಾಮಾಗಿ ಎಣಿಸಿದೆವು. ಸಾಯುವ ವಿಚಾರಕ್ಕೆ ಟಿಕ್ ಹಾಕಿದ ಹಾಳೆ ಎರಡು ದಿನ ಚೀಲದಲ್ಲಿತ್ತು. ಏನೂ ಆಗಲಿಲ್ಲ, ಅದು ನಮ್ಮ ಪುಣ್ಯ. ಈಗ ಇಬ್ಬರು ಹೋಗುತ್ತೇವೆ. ಹಾಳೆ ಕೈಗೆ ಬಂದ ಹಾಗೆ ಒಬ್ಬರು ಬರೀ ಒಂಬತ್ತನೆಯದನ್ನು ನೋಡುತ್ತಾರೆ, ಅಷ್ಟು ಹೊತ್ತು ಉಳಿದವರಿಗೆ ಪದಬಂಧ. ಒಂದು ಅಂಕವಿದ್ದರೂ ಕರೆದು ಮಾತಾಡಬೇಕು. ಅವರೊಂದಿಗೆ ಸೊನ್ನೆ ಹಾಕಿದ ನಾಲ್ಕೈದು ಜನರನ್ನೂ ಕರೆಯುತ್ತೇವೆ, ಯಾಕೆ ಕರೆದರು ಎಂದು ಮಂದಿಗೆ ಗೊತ್ತಾಗಬಾರದು. ಅಂದೇ ವಾರ್ಡನ್, ಅಂದೇ ಮನೆಯವರು, ಅಂದೇ ವೈದ್ಯರು. ಅಲ್ಲಿಯತನಕ ಆ ಮಗುವನ್ನು ಒಂಟಿಯಾಗಿ ಬಿಡುವಂತಿಲ್ಲ. ರಾತ್ರಿಯಾದರೆ ಸರಕಾರದ ಸಹಾಯವಾಣಿ ಟೆಲಿ-ಮಾನಸ್ 14416.

ಗುಂಪುಗಳಿಗೆ ಹೆಸರು ಕೊಡುವುದೂ ಒಂದು ಕೆಲಸ. 'ಖಿನ್ನತೆ ಗುಂಪು' ಎಂದಿದ್ದಕ್ಕೆ ಮರುದಿನ ಮೆಸ್‌ನಲ್ಲಿ 'ಮೆಂಟಲ್ ಬ್ಯಾಚ್' ಆಗಿತ್ತು. ಎ, ಬಿ, ಸಿ, ಡಿ ಮಾಡಿದರೆ ಡಿ ಎಂದರೆ ದಡ್ಡರು. ಕೊನೆಗೆ ಕೆರೆಗಳ ಹೆಸರಿಟ್ಟೆವು: ಕೆಲಗೇರಿ, ಸಾಧನಕೇರಿ, ಉಣಕಲ್, ತೋಳನಕೆರೆ. ಯಾರೂ ಚೇಷ್ಟೆ ಮಾಡಲಿಲ್ಲ.

ಮೆಲುಕಿನ ಗುಂಪು ಬಹಳ ಕಲಿಸಿತು, ಬಹಳ ಕಾಡಿಸಿತು. ಸುತ್ತ ಕೂತು ಮನಸ್ಸಿನ ಮಾತು ಹಂಚಿಕೊಳ್ಳಿ ಎಂದದ್ದೇ ಮೊದಲ ತಪ್ಪು. ಹುಡುಗಿಯರ ವಿಂಗ್‌ನಲ್ಲಿ ಎರಡು ತಾಸು ಅತ್ತರು, ಗೆಳೆತನ ಗಟ್ಟಿಯಾಯಿತು, ಪಿಎಚ್‌ಕ್ಯೂ ಅಂಕವೂ ಮೇಲೇರಿತು. ಜೋಡಿ ಮೆಲುಕು (ಗೆಳೆಯರು ಕೂಡಿ ಕಷ್ಟವನ್ನೇ ಮತ್ತೆ ಮತ್ತೆ ಮಾತಾಡುವುದು) ಗೆಳೆತನ ಬೆಳೆಸುತ್ತದೆ, ಬೇಸರವನ್ನೂ ಬೆಳೆಸುತ್ತದೆ ಎಂದು ಮನೋವಿಜ್ಞಾನಿ ಅಮಾಂಡಾ ರೋಸ್ 2002ರಲ್ಲೇ ಬರೆದಿದ್ದರು, ಓದಿಯೂ ಮಾಡಿದೆ. ಈಗ ಒಬ್ಬರಿಗೆ ಮೂರು ನಿಮಿಷ, ಟೈಮರ್ ಹೊಡೆದ ಕೂಡಲೇ ಗುಂಪು ಒಂದೇ ಪ್ರಶ್ನೆ ಕೇಳಬೇಕು: "ಮುಂದಿನ ಅರ್ಧ ತಾಸಿನ್ಯಾಗ ಏನ್ ಮಾಡ್ತಿ?" 'ಯಾಕ' ಎಂಬ ಪದ ನಿಷಿದ್ಧ, 'ಹ್ಯಾಂಗ' ಮಾತ್ರ. "ನನಗ ಯಾಕ ಹಿಂಗ ಆತು" ತಿರುಗಿ ಮೊದಲಿನ ಜಾಗಕ್ಕೇ ಬರುತ್ತದೆ, "ಹ್ಯಾಂಗ ಆತು, ಮೊದಲ ಏನಾತು, ಆಮ್ಯಾಲೆ ಏನಾತು" ಎಲ್ಲಾದರೂ ಒಂದು ಕಡೆ ಮುಟ್ಟುತ್ತದೆ.

ಇದರ ಜೊತೆಗೆ ಚಿಂತೆಯ ಹೊತ್ತು: ದಿನಕ್ಕೆ 20 ನಿಮಿಷ, ಅದೇ ಜಾಗ, ಅದೇ ವಹಿ. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಒಂದು ಸಾಲು ಬರೆದು ಮುಂದೂಡಬೇಕು. ಮೊದಲು ಇದನ್ನು ರಾತ್ರಿ ಹತ್ತಕ್ಕೆ ಇಟ್ಟಿದ್ದೆ, ಇದ್ದ ನಿದ್ದೆಯೂ ಹೋಯಿತು. ಸಂಜೆ ಆರು ಹತ್ತು, ಚಹಾ ಆದ ಮೇಲೆ, ಅಂಗಳದ ಕಟ್ಟೆಯ ಮೇಲೆ ಸರಿಬಂತು. ಮಂಚದ ಮೇಲೆ ಮಾತ್ರ ಬೇಡ. ಮೊದಲ ನಾಲ್ಕು ದಿನ ಮುಂದೂಡಲು ಆಗುವುದೇ ಇಲ್ಲ, ಐದನೇ ದಿನದಿಂದ ವಹಿಯಲ್ಲಿ ಸಾಲು ಕಡಿಮೆಯಾಗುತ್ತವೆ.

ಮೈಭಯದ ಗುಂಪಿಗೆ ಮಾತಿಗಿಂತ ಮೈಯನ್ನೇ ಬಳಸಬೇಕು. ಒಂದು ನಿಮಿಷ ನಿಂತಲ್ಲೇ ಓಟ, ಒಂದು ನಿಮಿಷ ಮೂಗು ಹಿಡಿದು ಸ್ಟ್ರಾದಿಂದ ಉಸಿರು, ಒಂದು ನಿಮಿಷ ತಿರುಗುವ ಕುರ್ಚಿ, ಅರ್ಧ ನಿಮಿಷ ಮೊಣಕಾಲ ನಡುವೆ ತಲೆಯಿಟ್ಟು ತಟ್ಟನೆ ಎದ್ದೇಳುವುದು. ಮೊದಲು 'ಏನಾಗ್ತದ' ಎಂದು ಬರೆಸಲೇಬೇಕು, 'ಅಂಜಿಕಿ ಹತ್ತಕ್ಕ ಎಷ್ಟು' ಎಂದೂ. ಬರೆಸದೆ ಮಾಡಿಸಿದರೆ ಅದು ಬರೀ ಪಿಟಿ. ಪ್ರತಿಯೊಂದನ್ನೂ ಅಂಜಿಕೆ ಅರ್ಧಕ್ಕಿಳಿಯುವ ತನಕ, ಸಾಮಾನ್ಯವಾಗಿ ನಾಲ್ಕು ಸಲ. ನೀರಿನ ಬಾಟಲಿ, ಗೆಳತಿಯ ಕೈ, ಬಾಗಿಲ ಬಳಿಯ ಜಾಗ, ಇವೆಲ್ಲ ಆಸರೆಗಳು. ಅವಿದ್ದರೆ 'ಬಾಟಲಿ ಇತ್ತು, ಅದಕ್ಕ ಉಳದೆ' ಎಂದೇ ಕಲಿಯುತ್ತಾರೆ. ಎಳನೀರಿನ ಸ್ಟ್ರಾ ದಪ್ಪ, ಏನೂ ಅನಿಸುವುದಿಲ್ಲ. ಪ್ಲಾಸ್ಟಿಕ್ ಸ್ಟ್ರಾ 2022ರ ಜುಲೈಯಿಂದ ನಿಷೇಧ. ಜ್ಯೂಸ್ ಪ್ಯಾಕಿನ ತೆಳ್ಳನೆಯ ಕಾಗದದ್ದು ಸರಿ, ಎರಡನೇ ಸಲಕ್ಕೆ ಮೆತ್ತಗಾಗುತ್ತದೆ, ತಲೆಗೆ ನಾಲ್ಕು ಇಟ್ಟುಕೊಳ್ಳಿ. ದಮ್ಮು, ಹೃದಯದ ತೊಂದರೆ, ಮೂರ್ಛೆರೋಗ ಇದ್ದವರಿಗೆ ಇದು ಬೇಡ. ಊಟವಾದ ಮೇಲೂ ಬೇಡ. ಒಮ್ಮೆ ಮಧ್ಯಾಹ್ನ ಎರಡೂವರೆಗೆ ಕುರ್ಚಿ ತಿರುಗಿಸಿ ಹಾಲ್ ತೊಳೆಸಬೇಕಾಯಿತು. ಎರಡನೇ ಸಭೆಯ ಮೊದಲ ಐದು ನಿಮಿಷ ನಾವು ಮಾಡುವುದನ್ನು ಇಲ್ಲಿ ಬರೆಯುವುದಿಲ್ಲ. ಮೊದಲೇ ಗೊತ್ತಾದ ಮಕ್ಕಳ ಮೇಲೆ ಅದು ನಡೆಯುವುದಿಲ್ಲ.

ನೂರಕ್ಕೆ ನೂರಿನವರಿಗೆ ಬೇಕೆಂದೇ ತಪ್ಪು ಮಾಡಿಸುವ ಅಭ್ಯಾಸ. ಮೊದಲು ಟೆಸ್ಟಿನಲ್ಲೇ ಒಂದು ಪ್ರಶ್ನೆ ಬಿಡಿ ಎಂದೆ. ಪ್ರಾಚಾರ್ಯರು ಕರೆಸಿ ಕೇಳಿದ್ದು ನ್ಯಾಯವಾಗಿಯೇ ಇತ್ತು. ಈಗ ಅಂಕದ ಹೊರಗೆ: ಕಾಟು ಹೊಡೆದ ಪುಟವನ್ನು ಮತ್ತೆ ಬರೆಯದೆ ಬಿಡುವುದು, ಕಾಗುಣಿತ ತಪ್ಪಿದ ಮೆಸೇಜು ಹಾಗೇ ಕಳಿಸುವುದು. ನಂತರ ಲೆಕ್ಕ: ನೋಟ್ಸ್ ಮೂರು ಸಲ ಬರೆದ ಪಾಠಕ್ಕೆ ಎಷ್ಟು ಬಂತು, ಒಂದೇ ಸಲ ಬರೆದದ್ದಕ್ಕೆ ಎಷ್ಟು. ಈ ಲೆಕ್ಕ ಕಂಡ ಮೇಲೆ ನನ್ನ ಮಾತು ಬೇಕಾಗಲಿಲ್ಲ. 625ಕ್ಕೆ 610 ತಂದವನಿಗೆ "ಉಳದ ಹದಿನೈದು ಎಲ್ಲಿ ಹೋದ್ವು" ಎಂದು ಕೇಳುವ ಅಪ್ಪಂದಿರಿಗೆ ಬೇರೆ ಸಭೆ ಬೇಕು, ಇನ್ನೂ ಮಾಡಿಲ್ಲ.

ಹತಾಶೆಯವರಿಗೆ ತಮ್ಮ ಸೋಲಿನ ಬಗ್ಗೆ ಅಂದುಕೊಳ್ಳುವುದನ್ನು ಬರೆಯಲು ಮೂರು ಕಾಲಂ: ನನ್ನಿಂದಲೇ, ಯಾವಾಗಲೂ, ಎಲ್ಲದರಲ್ಲೂ. 'ಯಾವಾಗಲೂ'ದಿಂದ ಶುರು ಮಾಡಿ, ಹಿಂದಿನ ಹತ್ತು ಟೆಸ್ಟು ಎಣಿಸಬಹುದು. 'ನನ್ನಿಂದಲೇ' ಮುಟ್ಟಿದರೆ ವಾದ ಹತ್ತುತ್ತದೆ. ಎರಡು ಸಭೆ ಇವರಿಗೆ ಸಾಲುವುದಿಲ್ಲ, ನಾಲ್ಕು ಬೇಕು.

90 ನಿಮಿಷ ಹಾಸ್ಟೆಲ್ ವೇಳಾಪಟ್ಟಿಯಲ್ಲಿ ಹಿಡಿಯದೆ, ಉಳಿದ ಗುಂಪುಗಳಿಗೆ 55 ನಿಮಿಷದ ಮೂರು ಸಭೆ ಮಾಡಿಕೊಂಡೆವು. ಖರ್ಚು ಈಗ ಒಬ್ಬರಿಗೆ 60 ರೂಪಾಯಿಯೊಳಗೆ: ಜೆರಾಕ್ಸು, ವಹಿ, ಸ್ಟ್ರಾ, ಎರಡು ಟೈಮರ್, ಕೊನೆಯ ದಿನ ಗಿರ್ಮಿಟ್. ಗಿರ್ಮಿಟ್ ಇಟ್ಟ ಮೇಲೆ ಹಾಜರಾತಿ ಎಂದೂ ಕೆಳಗಿಳಿದಿಲ್ಲ. ನಡುವೆ ಬೆಳಗಿನ ಕೆಲಗೇರಿ ನಡಿಗೆಯನ್ನೂ ನೋಡಿದೆ. ಹತಾಶೆಯವರಿಗೆ ಒಳ್ಳೆಯದಾಯಿತು, ಮೆಲುಕಿನವರು ಕೆರೆ ಸುತ್ತುತ್ತಲೇ ಮೆಲುಕು ಹಾಕಿದರು.

ಫಲಿತಾಂಶ ಕೇಳುವವರಿಗೆ: ಅಂಕ ಹೆಚ್ಚಿದ್ದವರನ್ನೇ ಆರಿಸಿದರೆ ಏನೂ ಮಾಡದಿದ್ದರೂ ಸ್ವಲ್ಪ ಇಳಿಯುತ್ತದೆ. ಅದಕ್ಕೇ ಒಂದು ವಿಂಗ್ ಮೊದಲು, ಇನ್ನೊಂದು ಆರು ವಾರ ಕಾದು. ನೆನಪಿನಿಂದ ಹೇಳುವುದಾದರೆ, ಪಿಎಚ್‌ಕ್ಯೂ ಸರಾಸರಿ ಹನ್ನೊಂದರ ಹತ್ತಿರವಿದ್ದದ್ದು ಮೊದಲ ವಿಂಗ್‌ನಲ್ಲಿ ಏಳಕ್ಕೆ, ಕಾದವರಲ್ಲಿ ಒಂಬತ್ತೂವರೆಗೆ ಬಂತು. ಎರಡೂ ಕಡೆ ಸೇರಿ ನಲವತ್ತು ಚಿಲ್ಲರೆ ಮಕ್ಕಳು ಅಷ್ಟೇ. ಹುಟ್ಟುಗುಣದ ಮಾತು ತೆಗೆದಿದ್ದ ವಾರ್ಡನ್ನರು ಈಗ ಎರಡನೇ ವಿಂಗ್ ಯಾವಾಗ ಎಂದು ತಾವಾಗಿಯೇ ಫೋನ್ ಮಾಡಿದ್ದರು. ಬರುವ ಜೂನಿಗೆ ಹಾವೇರಿ ಕಡೆಯ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿ. ಅಲ್ಲಿಗೆ ಪ್ರಶ್ನಾವಳಿಯಿಂದ ರ‍್ಯಾಂಕಿನ ಎರಡು ವಾಕ್ಯ ತೆಗೆದು ಬೇರೆ ಹಾಕಬೇಕು, ಅದಕ್ಕಾಗಿ ಮಕ್ಕಳ ಬಾಯಿಂದಲೇ ಮಾತು ಕೂಡಿಸುತ್ತಿದ್ದೇನೆ.