ಒಂದು ಗೆರೆಗೆ ಎರಡು ಗೆರೆ: ಹಳೆಯ ನಕ್ಷೆಯೊಂದಿಗೆ ಪಟ್ಟ ಪಾಡು

ಎ1 ಅಳತೆಯ ಹಳೆಯ ಕಟ್ಟಡ ನಕ್ಷೆಯೊಂದನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿ, ಅದರ ನೇರ ಗೆರೆಗಳನ್ನು ಚಿತ್ರಗಳನ್ನು ವಿಶ್ಲೇಷಿಸುವ ಸಾಫ್ಟ್‌ವೇರ್ ಲೈಬ್ರರಿ ಓಪನ್‌ಸಿವಿಯಿಂದ ಹುಡುಕಿಸಬೇಕಿತ್ತು. ಎಲ್ಲರೂ ಮಾಡುವಂತೆ ಮೊದಲು ಅಂಚು ಹುಡುಕುವ ಕ್ಯಾನಿ ವಿಧಾನ, ಆಮೇಲೆ ಆ ಚುಕ್ಕೆಗಳಿಂದ ನೇರ ಗೆರೆ ಗುರುತಿಸುವ ಹಫ್ ವಿಧಾನ. ನೋಡಿದರೆ ಗೋಡೆಯ ಪ್ರತಿ ಗೆರೆಗೂ ಜೋಡಿ ಗೆರೆ, ಅದೂ ತುಂಡು ತುಂಡಾಗಿ.

ಎರಡು ದಿನ ಥ್ರೆಶೋಲ್ಡ್ (ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಮಿತಿ) ಬದಲಾಯಿಸುತ್ತಾ ಕೂತೆ. ತಪ್ಪು ಅಲ್ಲಿರಲಿಲ್ಲ. ಕ್ಯಾನಿ ಹುಡುಕುವುದು ಅಂಚನ್ನು; ಆರು ಪಿಕ್ಸೆಲ್ ದಪ್ಪದ ಶಾಯಿ ಗೆರೆಗೆ ಅಂಚುಗಳು ಎರಡು. ಫೋಟೋಗೆ ಸರಿ, ನಕ್ಷೆಗಲ್ಲ. ಕ್ಯಾನಿಯನ್ನೇ ಕಿತ್ತುಹಾಕಿದೆ. ಓಟ್ಸು ವಿಧಾನದಿಂದ ಕಪ್ಪು-ಬಿಳುಪು ಮಾಡಿ, ಗೆರೆ ಬಿಳಿ, ಕಾಗದ ಕಪ್ಪಾಗುವಂತೆ ಬಣ್ಣ ತಿರುಗಿಸಿ, ಜಾಂಗ್-ಸೂಯೆನ್ ವಿಧಾನದಲ್ಲಿ ಗೆರೆಗಳನ್ನು ಒಂದೇ ಪಿಕ್ಸೆಲ್‌ಗೆ ತೆಳುವಾಗಿಸಿದೆ. (ಬಣ್ಣ ತಿರುಗಿಸಲು ಮರೆತರೆ ಬಿಳಿ ಕಾಗದವೆಲ್ಲ ಗೆರೆಯೆಂದುಕೊಂಡು ಕಂಪ್ಯೂಟರ್ ಒದ್ದಾಡುತ್ತದೆ. ನನ್ನದೂ ಒದ್ದಾಡಿತು.) ತೆಳುವಾಗಿಸುವ ಫಂಕ್ಷನ್‌ಗೆ ಓಪನ್‌ಸಿವಿಯ ಹೆಚ್ಚುವರಿ ಭಾಗಗಳಿರುವ ಕಾಂಟ್ರಿಬ್ ಪ್ಯಾಕೇಜ್ ಹಾಕಿಕೊಳ್ಳಬೇಕಾಯಿತು.

ಜೋಡಿ ಹೋಯಿತು, ತುಂಡು ಉಳಿಯಿತು. ಕಾರಣ ಹಫ್‌ನ ಕೋನದ ಹೆಜ್ಜೆ, ಅಂದರೆ ಗೆರೆಯ ಓರೆಯನ್ನು ಅದು ಎಷ್ಟೆಷ್ಟು ಡಿಗ್ರಿ ಬಿಟ್ಟು ಪರೀಕ್ಷಿಸುತ್ತದೆ ಎಂಬುದು. ಸಾಮಾನ್ಯವಾಗಿ ಉದಾಹರಣೆಗಳಲ್ಲಿ ಅದು 1 ಡಿಗ್ರಿ. ನಾನೂ ಹಾಗೇ ಬಿಟ್ಟಿದ್ದೆ. ಎ1 ಹಾಳೆಯ ಉದ್ದ ಸುಮಾರು 9,900 ಪಿಕ್ಸೆಲ್. ಅರ್ಧ ಡಿಗ್ರಿ ತಪ್ಪಿದರೂ ಗೆರೆಯ ಆ ತುದಿ 86 ಪಿಕ್ಸೆಲ್ ಆಚೆ! ಸಾಲದ್ದಕ್ಕೆ ಸ್ಕ್ಯಾನರಿನಲ್ಲಿ ಹಾಳೆ ಚೂರು ಓರೆಯಾಗಿತ್ತು. ಮೊದಲು ಆ ಓರೆ ತಿದ್ದಿ, ಹೆಜ್ಜೆಯನ್ನು 0.1 ಡಿಗ್ರಿಗೆ ಇಳಿಸಿ, ಗೆರೆ ನಡುವಿನ ಬಿರುಕಿಗೆ 10 ಪಿಕ್ಸೆಲ್ ವಿನಾಯಿತಿ ಕೊಟ್ಟೆ. ನಿಧಾನವಾಯಿತು, ಆದರೆ ಗೋಡೆಗಳು ಇಡಿಯಾಗಿ ಬಂದವು.

ಡ್ಯಾಶ್ ಗೆರೆಗಳು ಮಾತ್ರ ಇನ್ನೂ ಕೈಕೊಡುತ್ತಿವೆ. ಬಿರುಕಿನ ವಿನಾಯಿತಿ ಹೆಚ್ಚಿಸಿದರೆ ಪಕ್ಕದ ಅಕ್ಷರಗಳೂ ಗೆರೆಗೆ ಅಂಟಿಕೊಳ್ಳುತ್ತವೆ. ಸದ್ಯಕ್ಕೆ ಅವನ್ನು ಕೈಯಲ್ಲೇ ಎಳೆಯುತ್ತಿದ್ದೇನೆ.