ಕಾರಿಗೆ ಇನ್ವರ್ಟರ್ ಕೊಳ್ಳುವ ಮುನ್ನ

ಮಳೆಗಾಲದಲ್ಲಿ ಶಿರಸಿ ಕಡೆ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುತ್ತದೋ ಹೇಳೋಕಾಗಲ್ಲ. ಅಂಥದೊಂದು ರಾತ್ರಿ ಅಮ್ಮನ ನೆಬ್ಯುಲೈಸರ್ (ಔಷಧಿಯನ್ನು ಮಂಜಾಗಿಸಿ ಉಸಿರಿಗೆ ಕೊಡುವ ಯಂತ್ರ) ನಡೆಸೋಣವೆಂದು ಕಾರಿನ ಲೈಟರ್ ಸಾಕೆಟ್ಟಿಗೆ 150 ವ್ಯಾಟ್‌ನ ಇನ್ವರ್ಟರ್, ಅಂದರೆ ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಿನಂತೆ ಮಾಡಿಕೊಡುವ ಸಾಧನ, ಸಿಕ್ಕಿಸಿದೆ. ಮೋಟಾರು ಒಮ್ಮೆ ಗುರ್ ಎಂದಿತು. ಇನ್ವರ್ಟರ್ ಕೀಂ ಎಂದು ಕೂಗಿ ನಿಂತೇ ಹೋಯಿತು. ಆ ಗಾಬರಿ ಬೇರೆ ಯಾರಿಗೂ ಬೇಡ.

ಅಂಗಡಿಗೆ ಹೋಗುವ ಮೊದಲು, ನೀವು ನಡೆಸಬೇಕಾದ ಸಾಮಾನಿನ ಹಿಂಭಾಗ ನೋಡಿ. ಅಲ್ಲಿ ವ್ಯಾಟ್ ಬರೆದಿರುತ್ತದೆ. ಲ್ಯಾಪ್‌ಟಾಪ್ ಚಾರ್ಜರ್‌ಗೆ 65 ಇರಬಹುದು, ಮಿಕ್ಸಿಗೆ 500ರಿಂದ 750. ಮೋಟಾರು ಇರುವ ಯಾವುದೇ ಸಾಮಾನು ಶುರುವಾಗುವ ಕ್ಷಣದಲ್ಲಿ ಇದರ ಮೂರ್ನಾಲ್ಕು ಪಟ್ಟು ಎಳೆಯಬಹುದು. ನನ್ನ ತಪ್ಪು ಅಲ್ಲೇ ಆದದ್ದು. ಇನ್ವರ್ಟರ್ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಅಂಕಿ ಎಷ್ಟೋ ಸಲ ಕ್ಷಣಕಾಲದ್ದು. ‘ಸತತ ವ್ಯಾಟ್’ ಎಷ್ಟು ಅಂತ ಕೇಳಿ.

ಇನ್ನು ಸಾಕೆಟ್ ವಿಷಯ. ಅದರ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪಿಯರ್. 12 ವೋಲ್ಟಿಗೆ 10 ಆಂಪಿಯರ್ ಅಂದರೆ 120 ವ್ಯಾಟ್, ಅಷ್ಟೇ. ಫ್ಯೂಸ್ ಹೋಗುತ್ತದೆಂದು ಸುಮ್ನೆ ದೊಡ್ಡದು ಹಾಕಬೇಡಿ, ಒಳಗಿನ ವೈರ್ ಸುಟ್ಟೀತು. ಇದಕ್ಕಿಂತ ಜಾಸ್ತಿ ಬೇಕಾದರೆ ಬ್ಯಾಟರಿಗೇ ನೇರ ಜೋಡಣೆ. 500 ವ್ಯಾಟ್‌ನ ಇನ್ವರ್ಟರ್ ಪೂರ್ತಿ ಹೊರೆಯಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. ಹಾಗಾಗಿ 16 ಚದರ ಮಿಲಿಮೀಟರ್‌ನ ತಾಮ್ರದ ವೈರ್ ಇರಲಿ, ಉದ್ದ ಆದಷ್ಟು ಕಡಿಮೆ ಇರಲಿ. ಪ್ಲಸ್ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ 60 ಆಂಪಿಯರ್ ಫ್ಯೂಸ್ ಹಾಕಿಸಿ. ಎಲೆಕ್ಟ್ರಿಷಿಯನ್ ‘ಬೇಡ ಬಿಡಿ’ ಅಂದರೂ ಒಪ್ಪಬೇಡಿ. ಲಾರಿಗಳದ್ದು ಹೆಚ್ಚಾಗಿ 24 ವೋಲ್ಟ್, ಅದಕ್ಕೆ ಬೇರೆಯದೇ ಇನ್ವರ್ಟರ್ ಬೇಕು.

ಪ್ಯೂರ್ ಸೈನ್ ವೇವೋ, ಮಾಡಿಫೈಡೋ? ಪ್ಯೂರ್ ಸೈನ್‌ನಲ್ಲಿ ಕರೆಂಟಿನ ಅಲೆ ಮನೆಯದರಂತೆ ನಯ, ಮಾಡಿಫೈಡ್‌ನಲ್ಲಿ ಮೆಟ್ಟಿಲು ಮೆಟ್ಟಿಲು. ಫೋನ್, ಬಲ್ಬುಗಳಿಗೆ ಅಗ್ಗದ ಮಾಡಿಫೈಡ್ ನಡೆಯುತ್ತದೆ. ಮೋಟಾರು, ವೈದ್ಯಕೀಯ ಯಂತ್ರ ಇದ್ದರೆ ದುಡ್ಡು ನೋಡದೆ ಪ್ಯೂರ್ ಸೈನ್ ತನ್ನಿ. ಮಾಡಿಫೈಡ್‌ನಲ್ಲಿ ಮೋಟಾರು ಬಿಸಿಯಾಗಿ ಗುಂಯ್‌ಗುಡುತ್ತದೆ.

ಕಾರಿನ ಬ್ಯಾಟರಿ ಎಂಜಿನ್ ಸ್ಟಾರ್ಟ್ ಮಾಡೋಕೆ ಇರುವುದು, ಪೂರ್ತಿ ಬರಿದು ಮಾಡಿದರೆ ಬೇಗ ಹಾಳಾಗುತ್ತದೆ. 40 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲ್ಯಾಪ್‌ಟಾಪ್ ಎರಡು ಗಂಟೆ ನಡೆಸಿದರೆ ಸಾಕು. ಬೇಕೇ ಬೇಕೆಂದರೆ ಎಂಜಿನ್ ಓಡಿಸಿ, ಆದರೆ ಬಯಲಲ್ಲಿ. ಮಳೆ ಅಂತ ಶೆಡ್ಡಿನ ಬಾಗಿಲು ಮುಚ್ಚಿಕೊಂಡರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯೇ ಇಲ್ಲದೆ ಜೀವ ತೆಗೆಯುತ್ತದೆ.

ಕಾರವಾರ, ಕುಮಟಾ, ಹೊನ್ನಾವರದವರಿಗೆ ಇನ್ನೊಂದು ಕೆಲಸವಿದೆ. ಉಪ್ಪು ಗಾಳಿಗೆ ಬ್ಯಾಟರಿಯ ಟರ್ಮಿನಲ್ (ವೈರ್ ಸೇರುವ ಜಾಗ) ಮೇಲೆ ಬಿಳಿ, ಹಸಿರು ಕಿಲುಬು ಬೇಗ ಕಟ್ಟುತ್ತದೆ, ಜೋಡಣೆ ಬಿಸಿಯಾಗುತ್ತದೆ. ಮೊದಲು ಮೈನಸ್ ವೈರ್ ಬಿಚ್ಚಿ, ಉಜ್ಜಿ ಒರೆಸಿ, ಬಿಗಿ ಮಾಡಿ ಮೇಲೆ ವ್ಯಾಸಲೀನ್ ಸವರಿ. ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲೇ ಒಮ್ಮೆ ಮಾಡಿಬಿಡಿ.